ಫ್ಲೂರೋಥಿಲ್ ಚೇಂಬರ್: ಮರಿ ಇಲಿ, ದೊಡ್ಡ ಇಲಿ ಎರಡಕ್ಕೂ ನಡೆಯುತ್ತದೆಯೇ?

ಫ್ಲೂರೋಥಿಲ್ ಎಂದರೆ ಆವಿಯನ್ನು ಉಸಿರಾಡಿದರೆ ಸೆಳವು ಬರಿಸುವ ದ್ರವ. ವಯಸ್ಸು, ಲಿಂಗಕ್ಕೆ ತಕ್ಕಂತೆ ಇಲಿಗಳಿಗೆ ಸೆಳವು ಎಷ್ಟು ಬೇಗ ಬರುತ್ತದೆ ಎಂದು ಅಳೆಯುವವರಿಗೆ ಈ ಚೇಂಬರ್ ನಂಬಬಹುದಾದ ಸಲಕರಣೆ. ಗಾಳಿಯಾಡದ ಪೆಟ್ಟಿಗೆ, ಸಿರಿಂಜ್ ಪಂಪ್, ಮುಚ್ಚಳದ ಕೆಳಗೆ ಫಿಲ್ಟರ್ ಪೇಪರ್, ಇಷ್ಟೇ ಭಾಗಗಳು. ಪಂಪ್ ಪೇಪರಿಗೆ ಹನಿಸುವ ದ್ರವ ಆವಿಯಾಗಿ ಪೆಟ್ಟಿಗೆ ತುಂಬುತ್ತದೆ. ಚುಚ್ಚುವ ಕೆಲಸವಿಲ್ಲ. ಮುಚ್ಚಳ ತೆಗೆದರೆ ಆವಿ ಉಸಿರಿನಲ್ಲೇ ಹೊರಹೋಗಿ ಪ್ರಾಣಿ ಬೇಗ ಚೇತರಿಸಿಕೊಳ್ಳುತ್ತದೆ. ಒಂದೇ ಪ್ರಾಣಿಯಲ್ಲಿ ಎರಡು ಮಿತಿ (ಸೆಳವು ಬರಲು ಬೇಕಾದ ದ್ರವದ ಪ್ರಮಾಣ) ಸಿಗುವುದು ಇದರ ದೊಡ್ಡ ಗುಣ: ಮೊದಲು ಮುಖ, ಮುಂಗಾಲು ಅದುರುವ ಕ್ಲೋನಿಕ್ ಸೆಳವು, ಆಮೇಲೆ ಪ್ರಾಣಿ ಮಗುಚಿ ಬೀಳುವ ಟಾನಿಕ್-ಕ್ಲೋನಿಕ್ ಸೆಳವು.

ನಿಮಿಷಕ್ಕೆ 20 ಮೈಕ್ರೋಲೀಟರ್ ಹರಿಸಿದಾಗ 6ನೇ ನಿಮಿಷಕ್ಕೆ ಸೆಳವು ಬಂದರೆ ಮಿತಿ 120 ಮೈಕ್ರೋಲೀಟರ್. ಈ ಲೆಕ್ಕ ಅದೇ ಪೆಟ್ಟಿಗೆಗೆ ಮಾತ್ರ ಸಲ್ಲುತ್ತದೆ. ಮರಿಗೆಂದು ಚಿಕ್ಕ ಪೆಟ್ಟಿಗೆ ತಂದರೆ ಆವಿ ಬೇಗ ದಟ್ಟವಾಗಿ, ಮರಿಯ ಮಿತಿ ಸುಳ್ಳೇ ಕಡಿಮೆ ಕಾಣುತ್ತದೆ.

ಮರಿಗಳ ವಿಷಯದಲ್ಲೇ ಎಡವುವುದು ಹೆಚ್ಚು. ಗೂಡಿನಿಂದ ತೆಗೆದ ಮರಿ ಬೇಗ ತಣ್ಣಗಾಗುತ್ತದೆ, ಮೈಬಿಸಿ ಬದಲಾದರೆ ಮಿತಿಯೂ ಬದಲಾಗುತ್ತದೆ. ಆದ್ದರಿಂದ ತಳಕ್ಕೆ ಬಿಸಿ ತಟ್ಟೆ ಬೇಕೇ ಬೇಕು. ಎಳೆಯ ಮರಿಯ ಸೆಳವು ಈಜಿದಂತೆ ಇರುತ್ತದೆ, ಇಲ್ಲವೇ ಮೈ ಸುರುಳಿಯಾಗುತ್ತದೆ. ಸೆಳವಿನ ತೀವ್ರತೆಗೆ ಅಂಕ ಕೊಡುವ 1972ರ ರೇಸಿನ್ ಮಾಪನ ದೊಡ್ಡ ಇಲಿಗಳನ್ನು ನೋಡಿ ಮಾಡಿದ್ದು, ಇಲ್ಲಿ ಹೊಂದುವುದಿಲ್ಲ. ಹುಟ್ಟಿದ ದಿನವನ್ನು 0 ಎನ್ನುತ್ತೀರೋ 1 ಎನ್ನುತ್ತೀರೋ ಬರೆದಿಡಿ. ಒಂದೇ ಬಾಣಂತಿಯ ಮರಿಗಳನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ.

ಲಿಂಗಭೇದ ಹಿಡಿಯುವಲ್ಲಿ ಈ ವಿಧಾನ ತನ್ನ ಬೆಲೆ ತೋರಿಸಿದೆ. ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಮಿದುಳಿನ ಪುಟ್ಟ ಜಾಗದ ಮುಂಭಾಗಕ್ಕೆ, ನರಕೋಶಗಳನ್ನು ತಣಿಸುವ ಮಸಿಮಾಲ್ ಬಿಟ್ಟರೆ ವಯಸ್ಕ ಗಂಡಿನಲ್ಲಿ ಸೆಳವು ತಗ್ಗುತ್ತದೆ, ಹಿಂಭಾಗಕ್ಕೆ ಬಿಟ್ಟರೆ ಹೆಚ್ಚುತ್ತದೆ. 15 ದಿನದ ಗಂಡುಮರಿಯಲ್ಲಿ ಎರಡೂ ಕಡೆ ಹೆಚ್ಚಳವೇ. ವಯಸ್ಕ ಹೆಣ್ಣಿನಲ್ಲಿ ಆ ಜಾಗದ ಹಿಂಭಾಗಕ್ಕೆ ಬಿಟ್ಟರೆ ಪರಿಣಾಮವೇ ಇಲ್ಲ. ಹೆಣ್ಣಿನ ಋತುಚಕ್ರ 4ರಿಂದ 5 ದಿನದ್ದು. ಈಸ್ಟ್ರೋಜನ್ ಸಾಮಾನ್ಯವಾಗಿ ಸೆಳವಿನತ್ತ ತಳ್ಳಿದರೆ, ಪ್ರೊಜೆಸ್ಟರೋನಿನಿಂದ ಹುಟ್ಟುವ ಅಲೋಪ್ರೆಗ್ನನೊಲೋನ್ ತಡೆಯುತ್ತದೆ. ಯೋನಿಯ ಕೋಶಗಳ ಸ್ಮಿಯರ್ ತೆಗೆದು ಚಕ್ರದ ಹಂತ ನೋಡದೆ ಎಲ್ಲ ಹೆಣ್ಣುಗಳನ್ನೂ ಒಂದೇ ಗುಂಪೆಂದರೆ ಈ ವ್ಯತ್ಯಾಸ ಅಂಕಿಗಳಲ್ಲೇ ಹೂತುಹೋಗುತ್ತದೆ. ಸ್ಮಿಯರಿಗೆಂದು ಹೆಣ್ಣನ್ನು ಹಿಡಿದಷ್ಟೇ ಹೊತ್ತು ಗಂಡನ್ನೂ ಕೈಯಲ್ಲಿ ಹಿಡಿಯಿರಿ, ಪರೀಕ್ಷೆ ದಿನದ ಒಂದೇ ಹೊತ್ತಿಗೆ ಇರಲಿ.

ಕೊಳ್ಳುವಾಗ ಗಾಜಿನದೇ ಮೇಲು. ಅಕ್ರಿಲಿಕ್ಕನ್ನು ಆಲ್ಕೋಹಾಲಿನಿಂದ ಒರೆಸುತ್ತಿದ್ದರೆ ಕೂದಲೆಳೆಯ ಬಿರುಕು ಬೀಳುತ್ತದೆ. ಮುಚ್ಚಳದ ರಬ್ಬರ್ ಸಡಿಲವಾದರೆ ಆವಿ ಸೋರಿ ಮಿತಿ ದಿನದಿಂದ ದಿನಕ್ಕೆ ಏರುತ್ತದೆ, ಪ್ರಾಣಿಯ ಗುಣ ಬದಲಾಯಿತೆಂದು ಮೋಸಹೋಗುತ್ತೀರಿ. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದ ಕಡೆ ಇದನ್ನು ತೆರೆಯಲೇಬಾರದು. ಇದೇ ಆವಿಯನ್ನು ಒಂದು ಕಾಲಕ್ಕೆ ಮನೋರೋಗ ಚಿಕಿತ್ಸೆಯಲ್ಲಿ ವಿದ್ಯುತ್ ಆಘಾತಕ್ಕೆ ಬದಲಾಗಿ, ಮನುಷ್ಯರಿಗೇ ಸೆಳವು ಬರಿಸಲು ಕೊಡುತ್ತಿದ್ದರು.