ಗೋಬಿ ಮಂಚೂರಿ ಬಿಡಿ, ಹೋಮ್‌ಸ್ಟೇಯವ್ರ ಅಡುಗೆಮನೇಲಿ ಏನಿದೆ ಕೇಳಿ

ಆಷಾಢ ಬಂತು ಅಂದ್ರೆ ನಮ್ಮಂಥ ಮೃದಂಗದೋರಿಗೆ ಮದುವೆ ಇಲ್ಲ ಗೃಹಪ್ರವೇಶ ಇಲ್ಲ, ವೀಕೆಂಡ್ ಖಾಲಿ. ಶುಕ್ರವಾರ ಹಾಸನದಲ್ಲಿ ದೇವಸ್ಥಾನದ್ದೊಂದು ಕಛೇರಿ ಇತ್ತು ಅಷ್ಟೇ. ನುಡಿಸೋಕ್ಮುಂಚೆ ಎರಡು ಬಾಳೆಹಣ್ಣು ಬಿಟ್ರೆ ಏನೂ ತಿನ್ನಲ್ಲ ನಾನು, ಹೊಟ್ಟೆ ತುಂಬಿದ್ರೆ ತನಿ ಆವರ್ತನಕ್ಕೆ (ಕಛೇರೀಲಿ ಮೃದಂಗ ಒಂದೇ ನುಡಿಸೋ ಭಾಗ) ಕೈ ಏಳಲ್ಲ, ಮುಗಿಯೋ ಹೊತ್ತಿಗೆ ಹತ್ತೂವರೆ, ಹೋಟ್ಲೆಲ್ಲ ಬಾಗಿಲು. ದೊಡ್ಡ ಗಾಯಕರು ಆರ್.ಕೆ. ಶ್ರೀಕಂಠನ್ ಅವ್ರು ಹುಟ್ಟಿದ ರುದ್ರಪಟ್ಟಣ ಇರೋ ಜಿಲ್ಲೆ ಕಣ್ರೀ ಇದು, ಆದ್ರೂ ಕಛೇರಿ ಮುಗಿಸಿದೋನಿಗೆ ರಾತ್ರಿ ಸಿಕ್ಕಿದ್ದು ದೊನ್ನೇಲಿ ತಣ್ಣಗಾದ ಪುಳಿಯೋಗರೆ. ಮನೇಲೂ ವಾರದಿಂದ ಆಲೂಗಡ್ಡೆ ಹುಳಿ, ಆಲೂಗಡ್ಡೆ ಪಲ್ಯ, ಮತ್ತೆ ಆಲೂಗಡ್ಡೆ ಹುಳಿ. ಮದುವೆ ಆಗಿ ಹನ್ನೆರಡು ವರ್ಷ ಆದ್ರೂ ನಮ್ಮನೆಯವ್ಳು ಆಷಾಢ ಅಂತ ಬೇಲೂರಿಗೆ ತವರಿಗೆ ಹೋಗಿದ್ಲು, ನನಗೆ ಬರೋ ಅಡುಗೆ ಅದೇ.

ಶನಿವಾರ ಬೇಲೂರಿಗೆ ಹೋಗಿ ಅವ್ಳನ್ನ ಕರ್ಕೊಂಡು, ಚೆನ್ನಕೇಶವನಿಗೆ ಕೈಮುಗಿದು (1117ರ ಗುಡಿ, ಪ್ರತಿ ಸಲಾನೂ ನಾನು ವಾದ್ಯ ಬಾರಿಸೋ ಶಿಲ್ಪಗಳ ಬೆರಳು ಎಲ್ಲಿ ಬಿದ್ದಿದೆ ಅಂತಾನೇ ನೋಡೋದು, ಅವ್ಳಿಗೆ ಅದೇ ಬೇಜಾರು) ಚಿಕ್ಕಮಗಳೂರು ದಾಟಿ ಗಿರಿ ಕಡೆ ಈ ಹೋಮ್‌ಸ್ಟೇಗೆ ಬಂದ್ವಿ. ತಲೆಗೆ 2200, ಊಟ ತಿಂಡಿ ಸೇರಿ. ರೂಮು ಕ್ಲೀನ್, ಬಿಸಿನೀರು ಬರುತ್ತೆ, ಮೊಬೈಲ್ ನೆಟ್‌ವರ್ಕ್ ಇಲ್ಲ, ಮುಳ್ಳಯ್ಯನಗಿರಿಗೆ ಹೋದ್ರೆ 1930 ಮೀಟರ್ ಎತ್ತರದಲ್ಲಿ ಬರೀ ಮಂಜು, ನಮ್ಮ ಕಾರೇ ನಮಗೆ ಕಾಣ್ಲಿಲ್ಲ.

ಮಧ್ಯಾಹ್ನದ ಊಟ ನೋಡಿ ನಿಜವಾಗ್ಲೂ ಸಿಟ್ಟು ಬಂತು. ಕಾಫಿ ತೋಟದ ಮಧ್ಯೆ ಕೂತು ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ಚಪಾತಿ! ಪನೀರು ರಬ್ಬರ್ ಥರ. ಇದಕ್ಕೆ ಇಲ್ಲೀತನಕ ಬರ್ಬೇಕಿತ್ತಾ.

ಸಂಜೆ ಆಗಿದ್ದೇ ಬೇರೆ. ಮೃದಂಗ ಜೊತೇಲೇ ಇತ್ತು, ಸ್ವಲ್ಪ ಅಭ್ಯಾಸ ಮಾಡೋಣ ಅಂದ್ರೆ ಎಡಗಡೆಗೆ ಹಚ್ಚೋ ರವೆ ಖಾಲಿ. ಗೊತ್ತಿಲ್ದೋರಿಗೆ ಹೇಳ್ತೀನಿ, ಚಿರೋಟಿ ರವೆನ ನೀರಲ್ಲಿ ಕಲಸಿ ಎಡ ಮುಖದ ಮಧ್ಯ ಮೆತ್ತಿದ್ರೇನೇ ಆ ಗುಂ ಅನ್ನೋ ನಾದ ಬರೋದು, ಮುಗಿದ್ಮೇಲೆ ಕೆರೆದು ತೆಗೀತೀವಿ. ಅಡುಗೆಮನೆ ಬಾಗಿಲಲ್ಲಿ ನಿಂತು, ಅಮ್ಮಾ ಒಂದು ಹಿಡಿ ಚಿರೋಟಿ ರವೆ ಕೊಡ್ತೀರಾ ಅಂದೆ. ‘ಹಸಿವಾಯ್ತಾ ಸಾರ್, ಕೂತ್ಕೊಳಿ, ನಾನೇ ಉಪ್ಪಿಟ್ಟು ಮಾಡ್ಕೊಡ್ತೀನಿ’ ಅಂದ್ರು ಮನೆ ಯಜಮಾನಿ. ನನಗಲ್ಲಮ್ಮ ಮೃದಂಗಕ್ಕೆ ಅಂತ ಹೇಳಿದ್ಕೆ ನಕ್ಕು ಒಳಗೆ ಕರೆದ್ರು, ನೋಡಿದ್ರೆ ಒಂದು ಬೋಗುಣಿ ತುಂಬ ಕಳಲೆ (ಎಳೆ ಬಿದಿರು) ನೆನೀತಿದೆ, ಮೂರನೇ ದಿನದ ನೀರಂತೆ, ಪಕ್ಕದಲ್ಲಿ ಪತ್ರೊಡೆಗೆ ಕೆಸುವಿನೆಲೆ ಸುತ್ತಿಟ್ಟಿದಾರೆ. ಇದ್ಯಾರಿಗೆ ಅಂದೆ. ‘ನಮಗೇ ಸಾರ್, ಗೆಸ್ಟು ಇದೆಲ್ಲ ತಿನ್ನಲ್ವಲ್ಲ.’

ತಿನ್ನಲ್ಲ ಅಂತ ಯಾರು ಹೇಳಿದ್ದೋ ಗೊತ್ತಿಲ್ಲ.

ರಾತ್ರಿ ನಮ್ಮಿಬ್ರಿಗೆ ಅವ್ರ ಜೊತೇಲೇ ಎಲೆ ಹಾಕಿದ್ರು. ಉಕ್ಕರಿಸಿದ ಹಿಟ್ಟಿನ ಅಕ್ಕಿರೊಟ್ಟಿ, ಹೆಂಚಿಂದ ಕೆಂಡದ ಮೇಲೆ ಹಾಕಿದ್ ತಕ್ಷಣ ಪೂರಿ ಥರ ಉಬ್ಬತ್ತೆ, ಕಳಲೆ ಪಲ್ಯ ಕಾಯಿ ಹಾಕಿ, ಸೂಜಿಮೆಣಸಿನ ಚಟ್ನಿ, ಒಗ್ಗರಣೆ ಕೊಟ್ಟ ಪತ್ರೊಡೆ, ಕೊನೇಲಿ ಮಜ್ಜಿಗೆ ಜೊತೆ ಮಿಡಿ ಉಪ್ಪಿನಕಾಯಿ. ಕಳಲೆಗೆ ಆ ಒಂಥರಾ ಹುಳಿವಾಸನೆ ಇರುತ್ತಲ್ಲ, ಅದನ್ನ ಪೂರ್ತಿ ಹೋಗ್ಸಿಲ್ಲ, ಸ್ವಲ್ಪ ಉಳಿಸಿದಾರೆ, ಅದೇ ರುಚಿ. ನಾನು ಐದು ರೊಟ್ಟಿ ತಿಂದೆ, ಆರನೇದು ಅವ್ಳ ಎಲೆಯಿಂದ. ಆಚೆ ಕಡೆ ಶೆಡ್‌ನಲ್ಲಿ ಬೇರೆ ಗ್ಯಾಂಗು ಸ್ಪೀಕರ್ ಹಾಕ್ಕೊಂಡು ಅದೇ ಮಂಚೂರಿ ತಿಂತಿದ್ರು, ಹನ್ನೊಂದರ ತನಕ ಆ ಢಬ್ ಢಬ್ ನಿಲ್ಲಲೇ ಇಲ್ಲ, ಒಂದು ಸ್ಟಾರ್ ಅದಕ್ಕೇ ಕಟ್. ಇನ್ನೊಂದು ಮಧ್ಯಾಹ್ನದ ಪನೀರಿಗೆ.

ಕಾಫಿ ಬಗ್ಗೆ ದೂರಿಲ್ಲ, ಅವ್ರದ್ದೇ ತೋಟದ ಬೀಜ, ಬೆಲ್ಲ ಹಾಕಿದ್ ಕಪ್ಪು ಕಾಫಿ ಕೇಳಿ. ಅರ್ಧ ಕೇಜಿ ಪುಡಿ ತಂದಿದೀನಿ, ನಾನು ಮಾಡಿದ್ರೆ ಹಂಗೆ ಬರ್ತಿಲ್ಲ.

ಹೋಗೋರು ಮಾತ್ರ ಬುಕ್ ಮಾಡೋವಾಗ್ಲೇ ಫೋನಲ್ಲಿ ಹೇಳ್ಬಿಡಿ, ನೀವು ಮನೆಗೆ ಏನು ಮಾಡ್ಕೋತೀರೋ ಅದೇ ನಮಗೂ ಸಾಕು ಅಂತ, ಬೇಜಾರ್ ಮಾಡ್ಕೊಳ್ಳಲ್ಲ, ಖುಷಿ ಪಡ್ತಾರೆ. ಮತ್ತೆ ವಾದ್ಯ ತಗೊಂಡು ಹೋಗೋರು ಗೋಡೆಗೆ ತಾಗಿಸಿ ಇಡ್ಬೇಡಿ, ವಿಪರೀತ ಶೀತ, ನನ್ನ ಮೃದಂಗ ಬೆಳಿಗ್ಗೆ ಅಷ್ಟೊತ್ತಿಗೆ ಶ್ರುತಿ ಇಳಿದಿತ್ತು, ಆಮೇಲೆ ಅವ್ರ ಒಲೆ ಪಕ್ಕ ಇಟ್ಟು ಸರಿ ಮಾಡ್ಕೊಂಡೆ.