ಎರಡು ಪೈಪ್, ಹೆಸರುಳ್ಳ ಸಾಕೆಟ್, ಸಾಕೆಟ್‌ಪೇರ್: ಸಿ ಭಾಷೆಯಲ್ಲಿ ಬರೆದು ನೋಡಿದ ಹೋಲಿಕೆ

ಪೇರೆಂಟ್ ಪ್ರೋಸೆಸ್ (ಪ್ರೋಸೆಸ್ ಎಂದರೆ ಓಡುತ್ತಿರುವ ಪ್ರೋಗ್ರಾಂ) ಕೆಲಸ ಕಳುಹಿಸಬೇಕು, ಅದರ ಪ್ರತಿಯನ್ನು ಮಾಡುವ ಫೋರ್ಕ್ ಕರೆಯಿಂದ ಹುಟ್ಟಿದ ಚೈಲ್ಡ್ ಪ್ರೋಸೆಸ್ ಉತ್ತರ ಮರಳಿಸಬೇಕು. ಈ ಒಂದೇ ಪ್ರೋಗ್ರಾಮನ್ನು ಲಿನಕ್ಸ್‌ನಲ್ಲಿ ಮೂರು ಬಗೆಯಾಗಿ ಬರೆದು ನೋಡಿದೆ.

ಪೈಪ್, ಅಂದರೆ ಪ್ರೋಸೆಸ್‌ಗಳ ನಡುವೆ ಬೈಟ್‌ಗಳು ಹರಿಯುವ ದಾರಿ, ಏಕಮುಖವಾದುದರಿಂದ ಎರಡು ಪೈಪ್‌ಗಳೂ ನಾಲ್ಕು ಫೈಲ್ ಡಿಸ್ಕ್ರಿಪ್ಟರ್‌ಗಳೂ (ತೆರೆದ ಫೈಲ್ ಅಥವಾ ಸಂಪರ್ಕದ ತುದಿಯನ್ನು ಗುರುತಿಸುವ ಸಂಖ್ಯೆಗಳು) ಬೇಕಾದವು. ಯಾವುದು ಯಾರ ತುದಿ ಎಂಬುದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ನನಗೆ ಕೆಲಸ ಸಾಗಲಿಲ್ಲ. ಹೆಸರುಳ್ಳ ಯುನಿಕ್ಸ್ ಸಾಕೆಟ್ ಎಂದರೆ ಒಂದೇ ಯಂತ್ರದ ಪ್ರೋಸೆಸ್‌ಗಳು ಮಾತಾಡಿಕೊಳ್ಳುವ, ಫೈಲ್ ಹೆಸರೇ ವಿಳಾಸವಾದ ಸಂಪರ್ಕದ ತುದಿ. ಇದಕ್ಕೆ ಬೈಂಡ್ (ವಿಳಾಸ ಕೊಡಲು), ಲಿಸನ್, ಅಕ್ಸೆಪ್ಟ್, ಕನೆಕ್ಟ್ ಎಲ್ಲವನ್ನೂ ಕರೆಯಬೇಕು. ಪ್ರೋಗ್ರಾಂ ಮುಗಿದ ಮೇಲೂ ಸಾಕೆಟ್‌ನ ಫೈಲ್ ಉಳಿದುಕೊಂಡು, ಮರುಸಲ ಬೈಂಡ್ ಮಾಡಿದಾಗ ವಿಳಾಸ ಬಳಕೆಯಲ್ಲಿದೆ ಎಂಬ ದೋಷ ಬಂತು. ಪರಸ್ಪರ ಸಂಬಂಧವಿಲ್ಲದ ಪ್ರೋಸೆಸ್‌ಗಳಿಗೆ ಇದು ಸರಿ. ಫೋರ್ಕ್‌ನ ಸಂಸಾರಕ್ಕೆ ಅತಿಯಾಯಿತು.

ಯುನಿಕ್ಸ್‌ನ ಒಂದು ಆವೃತ್ತಿಯಾದ 1983ರ 4.2ಬಿಎಸ್‌ಡಿಯಲ್ಲಿ ಬಂದ ಸಾಕೆಟ್‌ಪೇರ್ ಒಂದೇ ಕರೆಯಲ್ಲಿ ಆಗಲೇ ಜೋಡಿಸಿದ ಎರಡು ಡಿಸ್ಕ್ರಿಪ್ಟರ್‌ಗಳನ್ನು ಕೊಡುತ್ತದೆ. ಹೆಸರಿಲ್ಲ, ಫೈಲ್ ಇಲ್ಲ, ಪ್ರತಿ ತುದಿಯಲ್ಲೂ ಓದಬಹುದು, ಬರೆಯಬಹುದು. ತೆರೆದ ಫೈಲ್ ಡಿಸ್ಕ್ರಿಪ್ಟರನ್ನೇ ಸೆಂಡ್‌ಎಂಎಸ್‌ಜಿ ಎಂಬ ಕರೆಯ ಮೂಲಕ ಆಚೆ ದಾಟಿಸಲೂ ಬರುತ್ತದೆ, ಪೈಪ್‌ನಲ್ಲಿ ಇದು ಆಗದು.

ಆದರೆ ಸಾಕೆಟ್‌ಪೇರ್ ಕರೆಯುವಾಗ ಸಾಕೆಟ್‌ನ ಬಗೆಯನ್ನೂ ಹೇಳಬೇಕು, ಆ ಆಯ್ಕೆಯಲ್ಲಿ ಎಚ್ಚರ ಬೇಕು. 5 ಬೈಟ್‌ಗಳ ಒಂದು ಸಂದೇಶವನ್ನೂ 7 ಬೈಟ್‌ಗಳ ಇನ್ನೊಂದನ್ನೂ ಬೆನ್ನುಬೆನ್ನಿಗೆ ಬರೆದಾಗ ಸ್ಟ್ರೀಮ್ ಬಗೆಯಲ್ಲಿ ಒಂದೇ ರೀಡ್‌ಗೆ 12 ಬೈಟ್‌ಗಳು ಬಂದವು. ಡೇಟಾಗ್ರಾಂ ಬಗೆ ಸಂದೇಶಗಳ ಗಡಿಯನ್ನು ಉಳಿಸಿತು, ಆದರೆ ಆಚೆಯ ತುದಿ ಮುಚ್ಚಿಕೊಂಡರೂ ರೀಡ್ ಕಾಯುತ್ತಲೇ ಇತ್ತು. ಸೀಕ್ವೆನ್ಸ್ಡ್ ಪ್ಯಾಕೆಟ್ ಬಗೆ ಮಾತ್ರ ಮೊದಲು 5, ನಂತರ 7, ತುದಿ ಮುಚ್ಚಿದ ಮೇಲೆ 0 (ಇನ್ನೇನೂ ಬಾರದು ಎಂಬ ಸೂಚನೆ) ಎಂದು ಮರಳಿಸಿತು. ನನ್ನ ಆಯ್ಕೆ ಇದೇ. ಇದರಲ್ಲಿ ಖಾಲಿ ಸಂದೇಶವೂ 0 ಆಗಿಯೇ ಕಾಣುವುದರಿಂದ ಅಂಥದ್ದನ್ನು ಕಳುಹಿಸಬಾರದು, ಓದುವ ಬಫರ್ ಚಿಕ್ಕದಾದರೆ ಸಂದೇಶದ ಉಳಿದ ಭಾಗ ಕಳೆದೇಹೋಗುತ್ತದೆ.

ಒಂದು ಸಂಜೆ ಈ ಬಗೆಯಲ್ಲೂ ಚೈಲ್ಡ್ ಪ್ರೋಸೆಸ್ ಮುಗಿಯದೆ ನಿಂತುಬಿಟ್ಟಿತು. ಪ್ರೋಸೆಸ್‌ಗಳ ಮಾಹಿತಿ ತೋರಿಸುವ ಪ್ರೋಕ್ ಅಡಿಯಲ್ಲಿ ಅದರ ಎಫ್‌ಡಿ (ಫೈಲ್ ಡಿಸ್ಕ್ರಿಪ್ಟರ್) ಡೈರೆಕ್ಟರಿಯನ್ನು ತೆರೆದರೆ 3 ಮತ್ತು 4 ಎರಡೂ ಸಾಕೆಟ್‌ಗಳೇ: ಫೋರ್ಕ್ ಆದ ಮೇಲೆ ಪೇರೆಂಟ್‌ನ ತುದಿಯ ಪ್ರತಿಯನ್ನು ಚೈಲ್ಡ್‌ನಲ್ಲಿ ಮುಚ್ಚಲು ಮರೆತಿದ್ದೆ, ಹೀಗಾಗಿ ಅದು ತಾನೇ ಹಿಡಿದುಕೊಂಡ ತುದಿ ಮುಚ್ಚಲೆಂದು ತಾನೇ ಕಾಯುತ್ತಿತ್ತು. ಒಂದು ಕ್ಲೋಸ್ ಸೇರಿಸಿದ ಕೂಡಲೇ ಸರಿಹೋಯಿತು. ಇದೇ ತಪ್ಪು ಪೈಪ್‌ನಲ್ಲೂ ಆಗುತ್ತದೆ, ಅಲ್ಲಿ ಮುಚ್ಚಬೇಕಾದ ತುದಿಗಳು ಇನ್ನೂ ಹೆಚ್ಚು.

ಮ್ಯಾಕ್‌ಓಎಸ್‌ನಲ್ಲಿ ಯುನಿಕ್ಸ್ ಸಾಕೆಟ್‌ಗಳಿಗೆ ಸೀಕ್ವೆನ್ಸ್ಡ್ ಪ್ಯಾಕೆಟ್ ಇಲ್ಲದಿರುವುದರಿಂದ, ಅಲ್ಲಿ ಓಡಬೇಕಾದ ಪ್ರತಿಯಲ್ಲಿ ಸ್ಟ್ರೀಮ್ ಇಟ್ಟು, ಪ್ರತಿ ಸಂದೇಶದ ಮುಂದೆ 4 ಬೈಟ್‌ಗಳಲ್ಲಿ ಅದರ ಉದ್ದವನ್ನು ಬರೆಯುತ್ತಿದ್ದೇನೆ.