ಹಳೆಯ ಬಾಗಿಲು, ಹೊಸ ಬಾಗಿಲು. ಹಳೆಯ ಹಂಚು, ಹೊಸ ಹಂಚು

ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿ ನಾವು ಕಟ್ಟಿಸಿದ ಮನೆಗೆ ಮುಂಬಾಗಿಲು ಬಂದದ್ದು ಕೆಡವಿದ ಒಂದು ಹಳೆಯ ಮನೆಯಿಂದ. ಮಲಗುವ ಕೋಣೆಯ ಬಾಗಿಲು ಹೊಸ ತೇಗದ್ದು. ಮೂರು ಮಳೆಗಾಲ ಎರಡನ್ನೂ ತೆರೆದು ಮುಚ್ಚಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಹಳೆಯ ಬಾಗಿಲಿಗೆ ದಾರಂದ (ಚೌಕಟ್ಟು) ಸೇರಿ 18,000 ರೂಪಾಯಿ ಕೊಟ್ಟೆ. ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿದ್ದೆ. ಸಾಗಾಟಕ್ಕೆ 1,500, ಆಚಾರಿಯ ಆರು ದಿನದ ಕೂಲಿ 7,200, ಪಾಲಿಶ್‌ಗೆ 3,500 ಸೇರಿ ಒಟ್ಟು 30,200 ಆಯಿತು. ಹೊಸ ಬಾಗಿಲು ಕೂರಿಸುವ ಕೂಲಿಯೂ ಸೇರಿ 34,000. ಉಳಿದದ್ದು 3,800 ರೂಪಾಯಿ ಮಾತ್ರ. ಉಳಿತಾಯವೊಂದೇ ಉದ್ದೇಶವಾಗಿದ್ದರೆ ಹಳೆಯ ಬಾಗಿಲಿನ ತಂಟೆಗೆ ಹೋಗಬೇಡಿ.

ಆರು ದಿನ ಹಿಡಿದದ್ದು ಮೊಳೆಗಳಿಂದ. ತೋರಣಕ್ಕೆ, ಕ್ಯಾಲೆಂಡರಿಗೆ, ದೇವರ ಪಟಕ್ಕೆಂದು ತಲೆಮಾರುಗಳು ಹೊಡೆದ ಮೊಳೆಗಳ ತಲೆ ಮುರಿದು, ಮೈ ಮರದೊಳಗೇ ಉಳಿದಿತ್ತು. ಆಚಾರಿ ಅಂಗೈಯಿಂದ ಸವರುತ್ತಾ ಒಂದೊಂದನ್ನೇ ಹುಡುಕಿ ಕೀಳುತ್ತಿದ್ದರು. "ಸ್ವಾಮಿ, ಒಂದು ಮೊಳೆ ತಪ್ಪಿದರೂ ನನ್ನ ಉಳಿ ಹೋಯಿತು" ಎಂದರು. ಆದರೂ ಒಂದು ತಪ್ಪಿತು, ಉಳಿಯ ಬಾಯಿ ಹಾರಿತು. ಮೇಲಿನ ಹೊಗೆಯ ಕಪ್ಪು ಕಳೆದು ಹತ್ತರಿ ಎಳೆದಾಗ ಎಣ್ಣೆಯ ಘಮ ಎದ್ದಿತು. ಮರ ಕಡಿದು ಎಷ್ಟು ಕಾಲವಾಗಿತ್ತೋ, ಘಮ ಮಾತ್ರ ಇನ್ನೂ ಇತ್ತು. ಆ ಕ್ಷಣದಲ್ಲೇ ನನಗೆ ಕೊಟ್ಟ ಹಣವೆಲ್ಲ ಸಾರ್ಥಕವೆನಿಸಿತು.

ಗುಣದಲ್ಲಿ ಹಳೆಯದೇ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಅದು ಪೂರ್ತಿ ಕೆಚ್ಚು, ಅಂದರೆ ಮರದ ಗಟ್ಟಿಯಾದ ಒಳಭಾಗ, ಎಳೆಗಳು ಒತ್ತೊತ್ತಾಗಿವೆ. ಬೇಗ ಕಡಿದ ತೋಟದ ತೇಗದಲ್ಲಿ ಅಂಚಿನ ಬೆಳುಪು ಹೆಚ್ಚಿರುತ್ತದೆ, ಹುಳು ಮೊದಲು ಹಿಡಿಯುವುದು ಅಲ್ಲಿಗೇ. ಆಷಾಢದ ಮಳೆಗೆ ಕೋಣೆಯ ಹೊಸ ಬಾಗಿಲು ಉಬ್ಬಿ ಕಚ್ಚಿಕೊಂಡಿತು. ಎರಡು ಬಾರಿ ಅಂಚು ಕೆತ್ತಿಸಬೇಕಾಯಿತು. ಮುಂಬಾಗಿಲು ಅಲುಗಲಿಲ್ಲ, ಅದರ ಮರ ಎಂದೋ ಹದಗೊಂಡಿದೆ. ಕೊರತೆ ಒಂದೇ, ಎತ್ತರ. ಅದು ಐದೂವರೆ ಅಡಿಯ ಬಾಗಿಲು. ನಮ್ಮ ಭಾವನವರು ಗೃಹಪ್ರವೇಶದ ದಿನವೇ ಹಣೆ ಬಡಿಸಿಕೊಂಡರು. ಕೊಳ್ಳುವ ಮೊದಲು ಅಳತೆ ಪಟ್ಟಿ ಹಿಡಿಯಿರಿ. ಆ ಬಾಗಿಲಿನ ಹೊಸ್ತಿಲು ನಡುವೆ ಸವೆದು ತಗ್ಗಾಗಿದೆ. ಅದನ್ನು ಸಮ ಮಾಡಲು ನಾನು ಬಿಡಲಿಲ್ಲ. ಯಾರದೋ ಮನೆಯ ಎಷ್ಟೋ ಹೆಜ್ಜೆಗಳು ಸೇರಿ ಮಾಡಿದ ಆ ತಗ್ಗನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಹಂಚಿನ ಲೆಕ್ಕ ಬೇರೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಬೇರೆ ಕಾರ್ಖಾನೆಗಳೂ ಹುಟ್ಟಿಕೊಂಡವು, ಒಂದೊಂದಕ್ಕೂ ಅದರದೇ ಅಚ್ಚು. ನಾನು ಎಡವಿದ್ದು ಇಲ್ಲಿಯೇ, ಮೊದಲ ಸಲವಲ್ಲ, ಎರಡನೆಯ ಸಲ. ಜಗಲಿಗೆ ಒಂದೇ ಮನೆಯ ಮಾಡಿನಿಂದ ಇಳಿಸಿದ 600 ಹಂಚನ್ನು ತಲಾ 14 ರೂಪಾಯಿಗೆ ತಂದೆ. ದಾರಿಯಲ್ಲಿ 70 ಒಡೆದವು. ಪಾಚಿ ಉಜ್ಜಿಸಿ, ಬೆರಳ ಗೆಣ್ಣಿನಿಂದ ತಟ್ಟಿ, ಠಣ್ ಎನ್ನದೆ ಒಡಕು ಶಬ್ದ ಕೊಟ್ಟ ಇನ್ನೂ 50 ಹಂಚನ್ನು ಬದಿಗಿಟ್ಟೆ. ಉಳಿದ 480ಕ್ಕೆ ಸಾಗಾಟ, ಕೂಲಿ ಸೇರಿ ತಲಾ 28 ರೂಪಾಯಿ ಬಿತ್ತು. ಹೊಸ ಹಂಚಿಗೆ, ಮನೆಗೆ ತಲುಪಿಸಿ, ಆಗ ತಲಾ 42 ರೂಪಾಯಿ ಇತ್ತು. ಜಗಲಿ ಇಂದಿಗೂ ಒಂದು ಹನಿ ಸೋರಿಲ್ಲ.

ಆ ಧೈರ್ಯದಲ್ಲಿ ಅಡುಗೆಮನೆಗೆ ವ್ಯಾಪಾರಿಯೊಬ್ಬರಿಂದ ಇನ್ನೊಂದು ಲೋಡು ತರಿಸಿದೆ. ಹೊರಗಿನಿಂದ ಎಲ್ಲವೂ ಒಂದೇ ಕೆಂಪು. ಮೊದಲ ದೊಡ್ಡ ಮಳೆಗೆ ಒಲೆಯ ಮೇಲೆಯೇ ನೀರು. ಹಂಚು ತೆಗೆದು ಮಗುಚಿ ನೋಡಿದರೆ ಬೆನ್ನ ಮೇಲೆ ಮೂರು ಕಾರ್ಖಾನೆಗಳ ಹೆಸರು! ಒಂದರ ತುಟಿ ಇನ್ನೊಂದರ ಕಾಲುವೆಗೆ ಕೂರುತ್ತಿರಲಿಲ್ಲ. ಹಂಚು ಕೂರುವ ರೀಪಿನ (ಮರದ ಪಟ್ಟಿಯ) ಅಂತರವೂ ಅರ್ಧ ಬೆರಳು ಹೆಚ್ಚುಕಡಿಮೆ. ಎಲ್ಲವನ್ನೂ ಇಳಿಸಿ ಹೊಸ ಹಂಚು ಹೊದಿಸಿದೆ, ಎರಡು ಬಾರಿ ದುಡ್ಡು ತೆತ್ತೆ. ಹಳೆಯ ಹಂಚನ್ನು ಮಾಡಿನ ಮೇಲಿರುವಾಗಲೇ ನೋಡಿ, ಮಗುಚಿ ಹೆಸರು ಓದಿ, ಆಮೇಲೆ ಮುಂಗಡ ಕೊಡಿ. ಬಿಡಿ ಹಂಚಿನ ರಾಶಿಯಿಂದ ಎಂದೂ ಕೊಳ್ಳಬೇಡಿ.

ಪಕಾಸುಗಳನ್ನು, ಅಂದರೆ ಮಾಡು ಹೊರುವ ಇಳಿಜಾರಿನ ತೊಲೆಗಳನ್ನು, ಹಳೆಯವೇ ಹಾಕಿದ್ದೇವೆ, ತುದಿಗಳನ್ನು ಮಾತ್ರ ಒಂದೊಂದು ಅಡಿ ಕೊಯ್ದು ತೆಗೆಯಬೇಕಾಯಿತು, ಏಕೆಂದರೆ ಗೋಡೆಯೊಳಗಿದ್ದ ಭಾಗ ತೇವಕ್ಕೆ ಕುಂಬಾಗಿತ್ತು. ಕಬ್ಬಿಣದ ಸರಳು, ವಯರಿಂಗ್, ನಲ್ಲಿ ಇವೆಲ್ಲ ಹೊಸವು. ಅದರಲ್ಲಿ ಯೋಚಿಸುವಂಥದ್ದೇನೂ ಇಲ್ಲ.

ಜಂಬಿಟ್ಟಿಗೆಯದೊಂದು (ನೆಲದಿಂದ ಕಡಿದು ತೆಗೆಯುವ ಕೆಂಪು ಕಲ್ಲಿನದು) ಮಾತು ಉಳಿದಿದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಕಲ್ಲನ್ನು ಬಾಚಿಯಿಂದ ಎರಡು ಸಲ ತಟ್ಟಿದರೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಕಾಂಪೌಂಡು ಅಂಥ ಕಲ್ಲಿನದೇ. ಆ ಕಲ್ಲು ತಂದ ಹಳೆಯ ಮನೆಗೆ ನಂತರ ಸೇರಿಸಿದ್ದ ಸಿಮೆಂಟಿನ ಕೋಣೆಯಿಂದ ಒಂದು ಕಲ್ಲೂ ಇಡಿಯಾಗಿ ಬರಲಿಲ್ಲ. ನಾನು ಕಟ್ಟಿಸಿದ ಗೋಡೆಗಳೂ ಸಿಮೆಂಟಿನವೇ. ಮುಂದಿನ ಬೇಸಿಗೆಯಲ್ಲಿ ಕೊಟ್ಟಿಗೆ ಕಟ್ಟಬೇಕು, ಅದಕ್ಕೆ ಸುಣ್ಣದ ಗಾರೆ ಕಲಸಬಲ್ಲ ಮೇಸ್ತ್ರಿಯನ್ನು ಈಗಿನಿಂದಲೇ ಹುಡುಕುತ್ತಿದ್ದೇನೆ.